ಬ್ರೇಕ್ ಪೆಡಲಿನ ಮೇಲಿದ್ದ ಕಾಲು

ಮೊನ್ನೆ ವಿಜಯನಗರದ ಗ್ಯಾರೇಜೊಂದರಲ್ಲಿ ಬ್ರೇಕ್ ಆಯಿಲ್‌ನ ವಾಸನೆ ಮೂಗಿಗೆ ತಗುಲಿದ ಕಾರಣ, ಈ ಕೆಳಕಂಡ ಸಂಗತಿಯನ್ನು ಬರೆದು ತಿಳಿಸಬೇಕಾಗಿ ಬಂದಿದೆ.

ಆಗ ನನಗೆ ಒಂಬತ್ತು ವರ್ಷ. ತಂದೆಯವರು ತಮ್ಮ ಹಳೆಯ ಜಪಾನಿ ಕಾರಿಗೆ ಅಗಲವಾದ ಟೈರುಗಳನ್ನು ಹಾಕಿಸಿದ್ದರು. ಅದಕ್ಕೆ ತಕ್ಕಂತೆ ಬ್ರೇಕನ್ನೂ ಬಲಪಡಿಸಲು ಮೆಕ್ಯಾನಿಕ್ ಸಿದ್ದಣ್ಣನವರು ಒಂಟಿಕೊಪ್ಪಲಿನ ನಮ್ಮ ಮನೆಗೇ ಬಂದಿದ್ದರು. ಹೊಸ ಆಯಿಲ್ ತುಂಬಿದ ನಂತರ ಕೊಳವೆಯೊಳಗಿನ ಗಾಳಿಯನ್ನು ತೆಗೆಯಬೇಕಿತ್ತು. ಅವರು ಚಕ್ರದ ಬಳಿ ಮಲಗಿ ಸ್ಕ್ರೂ ಸಡಿಲಿಸುವಾಗ ಪೆಡಲ್ ಒತ್ತಿ ಹಿಡಿಯುವ ಕೆಲಸವನ್ನು ನನಗೆ ವಹಿಸಲಾಯಿತು.

"ನಾನು ಬುಡು ಅನ್ನೋಗಂಟ ಕಾಲು ತೆಗೀಬ್ಯಾಡ ಕಣಮ್ಮ. ಗಾಳಿ ಒಳಿಕ್ಕೋಯ್ತದೆ."

"ಹೋದ್ರೆ ಏನಾಗುತ್ತೆ?"

"ಕಾರು ನಿಂತ್ಕೊಳಾಕಿಲ್ಲ."

ಕೊನೆಯ ಚಕ್ರದ ಸರದಿಯಲ್ಲಿ ನನ್ನ ಕಾಲು ಜೋಮುಹಿಡಿದು, ಅವರು ಹೇಳುವ ಮೊದಲೇ ಜಾರಿತು. ಮತ್ತೆ ಒತ್ತಿದಾಗ ಪೆಡಲ್ ಒದ್ದೆ ಸ್ಪಂಜಿನಂತೆ ಮೆತ್ತಗಿತ್ತು.

"ಆಯ್ತೇನ್ರೀ? ನಂಗೆ ಹೊತ್ತಾಯ್ತು," ಎಂದು ತಂದೆಯವರು ಕೀ ಹಿಡಿದು ನಿಂತಿದ್ದರು.

ಸಿದ್ದಣ್ಣನವರು ಕೇಳಿದರು: "ಪೆಡಲ್ ಗಟ್ಟಿಯಾಗೈತೇನಮ್ಮ?"

ಬೈಗುಳದ ಭಯದಿಂದ "ಹೂಂ" ಎಂದೆನು. ಅವರು ತಾವೇ ಒತ್ತಿ ನೋಡುವ ಮೊದಲೇ ತಂದೆಯವರು ಹೊರಟುಬಿಟ್ಟರು.

ಇಳಿಜಾರಿನ ತಿರುವಿನಲ್ಲಿ ಕಾರು ನಿಲ್ಲದೆ ಗೋಡೆಗೆ ಅಪ್ಪಳಿಸಿತು. ಅಂದು ಮುರಿದ ತಂದೆಯವರ ಬಲಗಾಲು ಮತ್ತೆಂದೂ ನೆಟ್ಟಗಾಗಲಿಲ್ಲ.

ಅವರು ಆಸ್ಪತ್ರೆಯಿಂದ ಮನೆಗೆ ಬಂದ ದಿನ ಸಿದ್ದಣ್ಣನವರು ನೋಡಲು ಬಂದರು. ತಂದೆಯವರು ಮಂಚದ ಮೇಲಿಂದಲೇ ಅವರನ್ನು ಬಾಯಿಗೆ ಬಂದಂತೆ ಬೈದರು. ನಾನು ಪಕ್ಕದಲ್ಲಿಯೇ ನಿಂತಿದ್ದೆನು. ಸಿದ್ದಣ್ಣನವರು ನನ್ನತ್ತ ಒಮ್ಮೆ ನೋಡಿದರು.

"ಬೈಯಿರಿ ಸ್ವಾಮಿ, ಆದ್ರೆ ಮಗು ಎದುರ್ಗೆ ಬ್ಯಾಡ. ಹೆದರ್ಕಂಡದೆ," ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.