ಬೆವರಿಗೆ ಹತ್ತಕ್ಕೆ ಹತ್ತು

ತುರ್ತು ಚಿಕಿತ್ಸೆಯ ಡಾಕ್ಟರುಗಳಾದ ನಾವು ಲೈಸೆನ್ಸ್ ಉಳಿಸಿಕೊಳ್ಳಬೇಕಾದರೆ ವರ್ಷಕ್ಕೊಂದು ಕಾಯಿಲೆಯನ್ನು ನಮ್ಮ ಮೈಯಲ್ಲೇ ಅನುಭವಿಸಬೇಕು. ಹೋದ ವರ್ಷ ಹಾವಿನ ವಿಷ, ಈ ವರ್ಷ ಹೃದಯಾಘಾತ. ಅಂಗಿಯ ಒಳಗೆ ಬೆಲ್ಟು ಕಟ್ಟಿಕೊಂಡರೆ ಸಾಕು, ನೋವು, ಬೆವರು ಎಲ್ಲವನ್ನೂ ಅದೇ ತರಿಸುತ್ತದೆ. ಕಟ್ಟಿಕೊಂಡವರು ಲಕ್ಷಣ ಹೇಳಬೇಕು, ಉಳಿದವರು ಅಂಕ ಹಾಕಬೇಕು.

ನಾವು ಉಪ್ಪಿಟ್ಟು ತಿಂದು ಹುಬ್ಬಳ್ಳಿಯ ತರಬೇತಿ ಕೋಣೆಗೆ ಮರಳಿದಾಗ, ಎಲ್ಲರಿಗಿಂತ ಹಿರಿಯರಾದ ಮುದಕವಿ ಸರ್ ಆಗಲೇ ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತಿದ್ದರು.

“ಎಡಗೈ ಜಗ್ಗಾಕತ್ತೈತಿ... ಉಸಿರು ಬರವಲ್ದು,” ಎಂದರು.

“ಭಾಳ ಚಲೋ ಹೇಳಾಕತ್ತೀರಿ ಸರ,” ಎಂದು ನಾನು ಅವರ ಬೆವರಿಗೆ ಹತ್ತಕ್ಕೆ ಹತ್ತು ಹಾಕಿದೆ. ಅವರು ಜಾರಿ ನೆಲಕ್ಕೆ ಬಿದ್ದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು.

ಅಷ್ಟರಲ್ಲಿ ತರಬೇತಿ ಕೊಡುವ ಡಾ. ರುಬೀನಾ ಪಕ್ಕದ ಕೋಣೆಯಿಂದ ಲಗುಬಗೆಯಲ್ಲಿ ಬಂದರು.

“ತಡಾ ಆತ್ರಿ ಮುದಕವಿ ಸರ, ಚಾರ್ಜಿಗೆ ಹಾಕಿದ್ದೆ. ತಗೋರಿ ನಿಮ್ಮ ಬೆಲ್ಟು.”

ಚಪ್ಪಾಳೆ ನಿಂತಿತು. ಕೋಣೆಯ ತುಂಬ ತುರ್ತು ಡಾಕ್ಟರುಗಳೇ ಇದ್ದೆವು. ಅವರ ನಾಡಿಯನ್ನು ಇನ್ನೂ ಯಾರೂ ಹಿಡಿದು ನೋಡಿರಲಿಲ್ಲ.