ಚಂದ್ರನ ಬ್ಯಾಂಕಿನಲ್ಲಿ ನೀಲಾಂಬಿಕಾ ಅವರ ತೂಕ

ಚಂದ್ರನ ಬ್ಯಾಂಕಿಗೆ ಹೋಗುವ ಮುನ್ನ ಗಿರ್ಮಿಟ್ ತಿನ್ನಬೇಕೇ ಬೇಡವೇ ಎಂಬುದು ಇಂದು ಮನುಕುಲದ ಮುಂದಿರುವ ಅತಿ ಗಂಭೀರ ಪ್ರಶ್ನೆ. ಆ ಬ್ಯಾಂಕು ಸಹಿಯನ್ನೂ ನಂಬುವುದಿಲ್ಲ, ಹೆಬ್ಬೆರಳನ್ನೂ ನಂಬುವುದಿಲ್ಲ. ಭೂಮಿಯಲ್ಲಿರುವ ಅನಿವಾಸಿ ಗ್ರಾಹಕರು ಖಾತೆ ತೆರೆದ ದಿನ ಎಷ್ಟು ತೂಗಿದ್ದರೋ, ಹಣ ತೆಗೆಯುವ ದಿನವೂ ಅಷ್ಟೇ ತೂಗಬೇಕು.

ನೀಲಾಂಬಿಕಾ ಮನೆಯಲ್ಲೇ ಕೂತು ಚಂದ್ರನ ಮೇಲಿರುವ ಮಕ್ಕಳಿಗೆ ಆನ್‌ಲೈನಿನಲ್ಲಿ ಸಂಗೀತ ಕಲಿಸಿ ಗಳಿಸಿದ್ದೆಲ್ಲ ಆ ಖಾತೆಯಲ್ಲಿತ್ತು. ಎರಡೂ ಮಂಡಿಗಳ ಶಸ್ತ್ರಚಿಕಿತ್ಸೆಗೆ ಅದನ್ನು ತೆಗೆಯಲೆಂದು ಅವರು ಹುಬ್ಬಳ್ಳಿ ಶಾಖೆಯ ತಕ್ಕಡಿಯನ್ನು ಕುಂಟುತ್ತ ಹತ್ತಿದರು.

“ಕಾಲ ಕೆಜಿ ಕಡಿಮಿ ಬೀಳಾಕತ್ತೈತ್ರಿ ಅಕ್ಕಾರ,” ಎಂದ ಗುಮಾಸ್ತ ಮಕ್ತುಮ. “ಹೊರಗ ಒಂದ್ ಪ್ಲೇಟ್ ಗಿರ್ಮಿಟ್ ತಿಂದ ಬರ್ರಿ.”

“ಎರಡ ಪ್ಲೇಟ್ ತಿಂದ ಬಂದೇನೋ ತಮ್ಮಾ. ಗಂಟಲತನಕ ತುಂಬೇತಿ!”

“ಹಂಗಾರ ಅವತ್ತ ಮೈಮ್ಯಾಲ ಏನೇನಿತ್ತು, ನೆನಪ ಮಾಡ್ಕೋರಿ.”

ನೆನಪಾಯಿತು. ಚಂದ್ರಲೋಕದ ಬ್ಯಾಂಕಿನವರ ಮುಂದೆ ಬೋಳು ಕೈಯಲ್ಲಿ ನಿಲ್ಲುವುದು ಹೇಗೆಂದು ಅವತ್ತು ನಾದಿನಿ ಶಿವಲೀಲಾಳ ಬಳೆ, ಪಾಟ್ಲಿ, ಸರಗಳನ್ನೆಲ್ಲ ಕೇಳಿ ತಂದು ಹೇರಿಕೊಂಡಿದ್ದರು. ಅವಳಿಗೆ ಫೋನು ಹೋಯಿತು. ಶಿವಲೀಲಾ ಡಬ್ಬಿ ಸಮೇತ ಬಂದು, ತಾನೇ ಒಂದೊಂದಾಗಿ ತೊಡಿಸಿದಳು. ಮುಳ್ಳು ಸರಿಯಾದ ಜಾಗದಲ್ಲಿ ನಿಂತಿತು.

“ಬಂಗಾರ ನಂದು ವೈನಿ,” ಎಂದಳು ಅವಳು ಅಕ್ಕರೆಯಿಂದ. “ಅಂದಮ್ಯಾಲ ಈ ತೂಕದಾಗ ನನ್ನ ಪಾಲೂ ಐತಿ. ಏನಂತೀರಿ ಸಾಹೇಬ್ರ?”

ಮಕ್ತುಮ ನಿಯಮ ನೋಡಿದ. ಹಣದಲ್ಲಿ ಅರ್ಧ ಪಾಲಿತ್ತು.

ಶಸ್ತ್ರಚಿಕಿತ್ಸೆ ಒಂದೇ ಮಂಡಿಗೆ ಆಯಿತು.