ಅವ್ವನ ಪಾಟ್ಲಿ

ಸ್ಪಿರಿಟ್ ವಾಸನೆ ಬಂದರೆ ಈಗಲೂ ನಾಸಿಕ್ ಊರಿನ ಆ ಆಸ್ಪತ್ರೆಯ ಮಧ್ಯಾಹ್ನ ಮರಳುತ್ತದೆ. ಅದರ ಹಸಿರು ಕಿಟಕಿಯನ್ನು ನಾನೇ ಕಲ್ಪಿಸಿಕೊಂಡಿರಬಹುದು, ಅಲ್ಲಿ ನಾನು ಆಡಿದ ಮಾತನ್ನಲ್ಲ.

ಅಪ್ಪನಿಗೆ ಹೃದಯದ ಆಪರೇಷನ್ ಆಗಬೇಕಿತ್ತು. ಬೀದರಿನ ಅವ್ವನಿಗೆ ಮರಾಠಿ ಬಾರದು; ಅಲ್ಲಿನ ಶಾಲೆಗೆ ಹೋಗುತ್ತಿದ್ದ ಒಂಬತ್ತು ವರ್ಷದ ನಾನೇ ಅವಳ ಬಾಯಿ. ಎದೆನೋವು ಯಾವಾಗಿನಿಂದ ಎಂದು ವಿಮೆಯ ಗುಮಾಸ್ತ ಕೇಳಿದ.

“ದೀಪಾವಳಿಯಿಂದ ಅಂತ ಹೇಳವ್ವಾ,” ಎಂದಳು ಅವ್ವ.

ಹೇಳಿದೆ.

“ವಾ, ಕಿತೀ ಛಾನ್ ಬೋಲ್ತೇಸ್!” ಎಂದು ಅವನು ನನ್ನ ಮರಾಠಿಯನ್ನು ಹೊಗಳಿದ. ಹಿಗ್ಗಿ, ಅವ್ವ ಹೇಳದ ಇನ್ನೊಂದು ಮಾತು ಸೇರಿಸಿದೆ: ನಾನು ಹುಟ್ಟುವ ಮೊದಲಿನಿಂದಲೂ ಇದೆ.

ಹಳೆಯ ಕಾಯಿಲೆಗೆ ವಿಮೆ ಸಿಗದೆಂದು ಅವನು ಕಾಗದ ಹಿಂದಿರುಗಿಸಿದ. ಸಂಜೆಯೊಳಗೆ ಅವ್ವ ಕೈಯಲ್ಲಿದ್ದ ಚಿನ್ನದ ಪಾಟ್ಲಿ ಬಳೆ ಮಾರಿ ಹಣ ಕಟ್ಟಿದಳು.

“ನೀ ಇದ್ದಿ ಅಂತ ನಡೀತು. ಇಲ್ಲಂದ್ರ ನಾ ಯಾರಿಗಿ ಏನ್ ಹೇಳ್ತಿದ್ದೆ?”

ಗಾಜಿನ ಬಳೆಯಷ್ಟೇ ಉಳಿದ ಕೈಯಿಂದ ನನ್ನ ತಲೆ ಸವರಿದಳು.